ಕಂಬಳಿಯಲ್ಲಿ ಕೂತು ಕೂದಲು ಹುಡುಕಿದವನು

(ಹಾಸನ ಜಿಲ್ಲೆಯ ಬೂವನಹಳ್ಳಿಯಲ್ಲಿ ಮಾಡಿದ ದತ್ತಿ ಉಪನ್ಯಾಸ. ಅಚ್ಚಿಗೆ ಕೊಡುವಾಗ ಅಲ್ಲಲ್ಲಿ ತಿದ್ದಿದ್ದೇನೆ; ಮಾತಿನ ಓಟವನ್ನು ಹಾಗೇ ಬಿಟ್ಟಿದ್ದೇನೆ.)



ದತ್ತಿ ಇಟ್ಟ ಮನೆಯ ಹಿರಿಯರು ನನ್ನನ್ನು ಕರೆಯಲು ಬಂದಾಗ ಎರಡು ಷರತ್ತು ಹಾಕಿದರು. ವೇದಿಕೆಯಲ್ಲಿ ತಮ್ಮ ಹೆಸರು ಎತ್ತಬಾರದು. ವಿಷಯ ಬಟ್ಟೆಯದಾಗಿರಬೇಕು, "ಆದ್ರೆ ಸೀರೆ ಅಂಗಡಿ ಭಾಷಣ ಬೇಡಿ ಮೇಷ್ಟ್ರೇ". ಅವರ ತಂದೆ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬದು ಕಟ್ಟಿದವರು. ಹಾಗಾಗಿ ಬಟ್ಟೆ ಎಂದರೆ ಅವರಿಗೆ ಮೊದಲು ನೆನಪಾಗುವುದು ಜರಿ ಅಲ್ಲ, ನೆಂದ ಉಣ್ಣೆಯ ವಾಸನೆ. ನನಗೂ ಹಾಗೇ.

ನಮ್ಮ ಕಡೆ ಒಂದು ಗಾದೆಯಿದೆ. ಕಂಬಳಿ ಮೇಲೆ ಕೂತು ಉಣ್ಣುವವನು ಎಲೆಯಲ್ಲಿ ಕೂದಲು ಬಂತು ಎಂದನಂತೆ. ಕೂತಿರುವುದೇ ಕೂದಲಿನ ಮೇಲೆ, ಇನ್ನು ದೂರುವುದೇನು ಎಂದು ಅರ್ಥ. ಇವತ್ತು ನಾನು ಮಾಡಹೊರಟಿರುವುದು ಆ ಪೆದ್ದನ ಕೆಲಸವನ್ನೇ. ಹೊದ್ದದ್ದು, ಹಾಸಿದ್ದು, ಉಟ್ಟದ್ದು ಯಾವುದರಿಂದ ಆದದ್ದು, ಕೂದಲೋ ನಾರೋ ಅರಳೆಯೋ ಎಂದು ಬಗ್ಗಿ ನೋಡುವುದು.

ಈ ಹುಡುಕಾಟ ಶುರುವಾದದ್ದು ಬೂವನಹಳ್ಳಿಯಿಂದ ಬಹಳ ದೂರದಲ್ಲಿ. ನನ್ನ ಅಕ್ಕನ ಮಗಳು ಕೆಲಸದ ಮೇಲೆ ಸ್ಲೊವೇನಿಯಾ ದೇಶಕ್ಕೆ ಹೋಗಿದ್ದಾಳೆ. ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಪುಟ್ಟ ದೇಶ. ಒಟ್ಟು ಜನ 20 ಲಕ್ಷದ ಆಸುಪಾಸು. ಒಂದು ದಿನ ಅವಳಿಂದ ಒಂದು ಫೋಟೊ ಬಂತು. ಮರದ ಕಾಲುಗಳ ಮೇಲೆ ನಿಂತ ಉದ್ದನೆಯ ಒಂದು ದವಡೆ, ಅದರ ಮೇಲೆ ಎತ್ತಿ ಬಡಿಯಲು ಇನ್ನೊಂದು. ಸುತ್ತ ಬಿಳಿ ಬಟ್ಟೆ ಕಟ್ಟಿದ ಹೆಂಗಸರು. ಕೆಳಗೆ ಬರೆದಿದ್ದಳು: "ಮಾವ, ಇಲ್ಲಿ ಬಟ್ಟೆ ಮಾಡಕ್ಕೆ ಗಿಡಾನ ಕುಟ್ತಾರೆ!"

ಊರು ದಾವ್ಚಾ. ಕುಟ್ಟುತ್ತಿದ್ದದ್ದು ಅಗಸೆಯ ಕಾಂಡವನ್ನು. ಈಗ ಅಲ್ಲಿ ಅದು ಹಬ್ಬದ ಪ್ರದರ್ಶನ ಮಾತ್ರ, ಹಿಂದೆ ಬದುಕಾಗಿತ್ತು. ಅಗಸೆಯನ್ನು ಕೊಯ್ಯುವುದಿಲ್ಲ, ನಾರು ಗಿಡ್ಡವಾದೀತೆಂದು ಬೇರುಸಹಿತ ಕೀಳುತ್ತಾರೆ. ಬೀಜ ಉದುರಿಸಿ, ಕಾಂಡವನ್ನು ಹುಲ್ಲಿನ ಮೇಲೆ ಹರಡಿ ಇಬ್ಬನಿಗೆ ಬಿಡುತ್ತಾರೆ, ಇಲ್ಲವೆ ನೀರಿನಲ್ಲಿ ಕೊಳೆಹಾಕುತ್ತಾರೆ. ಆಮೇಲೆ ಒಣಗಿಸಿ, ಆ ಮರದ ದವಡೆಯಲ್ಲಿ ಒಳಗಿನ ಕಟ್ಟಿಗೆಯಂಥ ತಿರುಳು ಪುಡಿಯಾಗುವಂತೆ ಬಡಿದು, ಮೊಳೆ ಹೊಡೆದ ಹಣಿಗೆಯಲ್ಲಿ ಬಾಚಿ, ಚಳಿಗಾಲವೆಲ್ಲ ಕೂತು ನೂತು, ನೇಯ್ದ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ಬಿಸಿಲಿಗೆ ಬೆಳ್ಳಗೆ ಮಾಡುತ್ತಾರೆ. ಅದೇ ಲಿನೆನ್. ಸ್ಲೊವೇನಿಯಾದ ರೈತ ಹುಟ್ಟಿದಾಗ ಸುತ್ತುತ್ತಿದ್ದದ್ದು, ಸತ್ತಾಗ ಹೊದಿಸುತ್ತಿದ್ದದ್ದು ಅದನ್ನೇ. ಚಳಿಗೆ ಕುರಿಯ ಉಣ್ಣೆ, ಕುರಿಚರ್ಮ. ಎರಡೂ ಸಾಲದ ಮನೆಯಲ್ಲಿ ಲಿನೆನ್ ಹಾಸು, ಉಣ್ಣೆ ಹೊಕ್ಕು ಹಾಕಿ ನೇಯ್ದ 'ಮೆಜ್ಲಾನ್' ಎಂಬ ಬೆರಕೆ ಬಟ್ಟೆ. ಆ ದೇಶದ ದಕ್ಷಿಣದಲ್ಲಿ ಬೇಲಾ ಕ್ರಾಯಿನಾ ಎಂಬ ಸೀಮೆಯಿದೆ, 'ಬಿಳಿಯ ಸೀಮೆ' ಎಂದು ಅರ್ಥ. ಜನ ಉಡುತ್ತಿದ್ದ ಬಿಳಿ ನಾರುಬಟ್ಟೆಯಿಂದ ಆ ಹೆಸರು ಬಂತೆನ್ನುವವರಿದ್ದಾರೆ, ಅಲ್ಲಿನ ಬರ್ಚ್ ಮರದ ಬಿಳಿ ತೊಗಟೆಯಿಂದ ಎನ್ನುವವರೂ ಇದ್ದಾರೆ. 1689ರಲ್ಲೇ ವಾಲ್ವಸೋರ್ ಎಂಬಾತ ಆ ನಾಡಿನ ಬಗ್ಗೆ ಬೃಹತ್ ಗ್ರಂಥ ಬರೆದು, ಯಾವ ಸೀಮೆಯ ರೈತರು ಏನು ತೊಡುತ್ತಾರೆ ಎಂದು ಚಿತ್ರ ಬರೆಸಿ ಅಚ್ಚು ಹಾಕಿಸಿದ. ರೈತ ಏನುಟ್ಟಿದ್ದಾನೆ ಎಂದು ನೋಡುವ ವ್ಯವಧಾನ ಒಬ್ಬ ಸಾಹುಕಾರನಿಗೆ ಇತ್ತೆಂಬುದೇ ನನಗೆ ದೊಡ್ಡದಾಗಿ ಕಂಡಿತು.

ಬೆರಕೆ ಬಟ್ಟೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಉಣ್ಣೆಯನ್ನೂ ಅಗಸೆನಾರನ್ನೂ ಕೂಡಿಸಿ ನೇಯ್ದದ್ದನ್ನು ತೊಡಬಾರದೆಂದು ಬೈಬಲಿನ ಹಳೆಯ ಒಡಂಬಡಿಕೆಯ ಕಟ್ಟಳೆ. ಯೆಹೂದಿ ಸಂಪ್ರದಾಯಸ್ಥರು ಇವತ್ತಿಗೂ ಅದನ್ನು ಪಾಲಿಸುತ್ತಾರೆ. ಅದೇ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಸ್ಲೊವೇನಿಯಾದ ರೈತನ ಹೆಂಡತಿ ಅದನ್ನೇ ನೇಯ್ದು ಗಂಡನಿಗೆ ತೊಡಿಸಿದಳು. ಚಳಿಗೆ ಶಾಸ್ತ್ರ ಗೊತ್ತಿಲ್ಲ.

ಫೋಟೊ ನೋಡಿದ ಮೇಲೆ ನನಗೆ ಕಾಡಿದ ಪ್ರಶ್ನೆ: ಅಗಸೆ ನಮ್ಮಲ್ಲೂ ಇದೆಯಲ್ಲ, ನಾವೇಕೆ ಅದನ್ನು ಉಡಲಿಲ್ಲ? ಇಲ್ಲಿ ಪದದ ಗೊಂದಲ ಒಂದನ್ನು ಬಿಡಿಸಬೇಕು. ಹಾಸನದ ಕಡೆ ಅಗಸೆ ಎಂದರೆ ವೀಳ್ಯದೆಲೆ ಬಳ್ಳಿ ಹಬ್ಬಿಸುವ ಮರ, ಸೊಪ್ಪು ಸಾರಿಗೆ. ಬಟ್ಟೆ ಒಗೆಯುವವನು ಅಗಸ. ನಾನು ಹೇಳುತ್ತಿರುವ ಅಗಸೆ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಕಂದುಬೀಜದ್ದು. ನಮ್ಮ ಹುಚ್ಚೆಳ್ಳಿನ ಹಾಗೆ ಅವರಿಗೆ ಅದು. ಜಾತಿ ಒಂದೇ ಆದರೂ ಬೆಳೆಸುವ ರೀತಿ ಬೇರೆ. ನಾರಿಗಾಗಿ ಬೆಳೆಯುವವರು ಒತ್ತೊತ್ತಾಗಿ ಬಿತ್ತಿ ಗಿಡ ಕವಲೊಡೆಯದೆ ಉದ್ದಕ್ಕೆ ಏಳುವಂತೆ ಮಾಡುತ್ತಾರೆ. ಬೀಜಕ್ಕಾಗಿ ಬೆಳೆಯುವ ನಮ್ಮವರಿಗೆ ಗಿಡ್ಡ ಗಿಡ, ಹೆಚ್ಚು ಕವಲು ಬೇಕು. ಹತ್ತಿ ಮನೆಯ ಹಿತ್ತಿಲಿಗೇ ಬಂದಿರುವ ನಾಡಿನಲ್ಲಿ ಕಾಂಡ ಕಿತ್ತು, ಕೊಳೆಸಿ, ಕುಟ್ಟುವ ಕೆಲಸಕ್ಕೆ ಯಾರು ಕೈ ಹಾಕುತ್ತಾರೆ? ಯುರೋಪಿನ ಬಹುಭಾಗದಲ್ಲಿ ಹತ್ತಿ ಬೆಳೆಯಲು ಬಿಸಿಲು ಸಾಲದು. ಅವರು ನಾರನ್ನೇ ನಂಬಿದರು. 19ನೇ ಶತಮಾನದಲ್ಲಿ ಗಿರಣಿಯ ಅಗ್ಗದ ಹತ್ತಿಬಟ್ಟೆ ಅಲ್ಲಿಗೂ ಬಂದಮೇಲೆ ಆ ಮರದ ದವಡೆಗಳು ಮೆಲ್ಲಮೆಲ್ಲಗೆ ಅಟ್ಟ ಸೇರಿದವು.

ಆದರೆ ಗಿಡ ಕೊಳೆಹಾಕಿ ನಾರು ತೆಗೆಯುವ ಕೆಲಸ ನಮಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಗಿಡ ಸೆಣಬು. ಜನಪ ಎಂದೂ ಅದಕ್ಕೆ ಹೆಸರು. 1800–01ರಲ್ಲಿ ಟಿಪ್ಪು ಸತ್ತ ಹೊಸದರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಜನಪದ ನಾರಿನಿಂದ ಗೋಣಿ ನೇಯುವವರನ್ನು ನೋಡಿ ಬರೆದಿದ್ದಾನೆ. ಆ ಕೆಲಸಕ್ಕೇ ಒಂದು ಜಾತಿಯಿತ್ತು, ಗೋಣಿಗರು. ಕಟ್ಟು ಕಟ್ಟಿದ ಗಿಡವನ್ನು ಕೆರೆಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಕೊಳೆತ ಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು ಬಡಿದು ತೊಳೆಯುವುದು. ಆ ವಾಸನೆಯ ಮುಂದೆ ಕಂಬಳಿಯ ವಾಸನೆ ಸಂಪಿಗೆ.

ಗೋಣಿ ಎಂದರೆ ಬರೀ ಚೀಲವಲ್ಲ. ರಸ್ತೆಗಳಿಲ್ಲದ ಕಾಲದಲ್ಲಿ ಘಟ್ಟ ಹತ್ತಿ ಇಳಿದ ಉಪ್ಪು, ಅಡಿಕೆ, ಅಕ್ಕಿ ಎಲ್ಲ ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಇಳಿಬಿಟ್ಟ ಗೋಣಿಯಲ್ಲಿ ಹೋಗಬೇಕಿತ್ತು. ಹೇರೆತ್ತು ಬಿಟ್ಟರೆ ವ್ಯಾಪಾರವಿಲ್ಲ, ಗೋಣಿ ಬಿಟ್ಟರೆ ಹೇರೆತ್ತಿಲ್ಲ. ಕಂಬಳಿ ಕೊಳ್ಳಲಾಗದ ಕೂಲಿಯವನಿಗೆ ಮಳೆಯಲ್ಲಿ ಗೋಣಿಯೇ ಕೊಪ್ಪೆ, ಚಳಿಯಲ್ಲಿ ಗೋಣಿಯೇ ಹೊದಿಕೆ. ಇಂಗ್ಲಿಷಿನವರ 'ಗನ್ನಿ' ನಮ್ಮ ಗೋಣಿಯೇ. ಕಂಬಳಿಯನ್ನೂ ಅವರು 'ಕಂಬ್ಲಿ' ಎಂದು ಬರೆದುಕೊಂಡರು, ಆದರೆ ಆ ಪದ ಅವರಲ್ಲಿ ಬಾಳಲಿಲ್ಲ.

ಮುಂದೆ ಆದದ್ದನ್ನು ಗಮನಿಸಿ. ಬಂಗಾಳದ ಜೂಟು ಬಂತು. 1855ರಲ್ಲಿ ಕಲ್ಕತ್ತೆಯ ಬಳಿ ರಿಷ್ರಾದಲ್ಲಿ ಮೊದಲ ಜೂಟು ಗಿರಣಿ ಶುರುವಾಯಿತು. ಆಮೇಲೆ ಹೂಗ್ಲಿ ನದಿಯುದ್ದಕ್ಕೂ ಗಿರಣಿಗಳು. ಅಲ್ಲಿನ ಚೀಲ ನಮ್ಮ ಸಂತೆಗೆ ಬಂತು. ಜನಪ ಹೋಯಿತು, ಗೋಣಿಗರ ಕಸುಬು ಹೋಯಿತು, 'ಗೋಣಿಚೀಲ' ಎಂಬ ಮಾತು ಉಳಿಯಿತು. ಈಗ ಪ್ಲಾಸ್ಟಿಕ್ ಚೀಲಕ್ಕೂ ನಮ್ಮ ಹೆಂಗಸರು ಗೋಣಿಚೀಲ ಎಂದೇ ಅನ್ನುತ್ತಾರೆ. ಸೆಣಬು ಮಾತ್ರ ಗದ್ದೆಗೆ ಮರಳಿ ಬಂದಿದೆ, ಹಸಿರೆಲೆ ಗೊಬ್ಬರವಾಗಿ. ಹೇಮಾವತಿ ನಾಲೆಯ ಬಯಲಿನಲ್ಲಿ ಹಳದಿ ಹೂ ಬಿಟ್ಟ ಸೆಣಬನ್ನು ಟ್ರ್ಯಾಕ್ಟರಿನವರು ಹಾಗೇ ಉತ್ತು ಮಣ್ಣಿಗೆ ಸೇರಿಸುವಾಗ ನಿಂತು ನೋಡಿ. ಮುತ್ತಾತನ ಕಾಲದ ಹಗ್ಗ, ಗೋಣಿ ಎರಡೂ ಕೆಸರಿಗೆ ಹೋಗುತ್ತಿರುತ್ತವೆ.

ನಾರು ಹೋಗುತ್ತದೆ, ಹೆಸರು ಉಳಿಯುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೆ ಬರುತ್ತೇನೆ.

ಈಗ ಕಂಬಳಿ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಕ್ಷಮಿಸಿ.

ಭಾರತದ ಕುರಿ ತಳಿಗಳ ಪಟ್ಟಿಯಲ್ಲಿ 'ಹಾಸನ' ಎಂದೇ ಒಂದು ತಳಿ ಇದೆ. ಬೇಲೂರಿನ ಶಿಲ್ಪ, ಹಾಸನದ ಆಲೂಗಡ್ಡೆ ಎಂದು ಹೆಮ್ಮೆಪಡುವ ನಮಗೆ ನಮ್ಮ ಜಿಲ್ಲೆಯ ಹೆಸರು ಹೊತ್ತ ಕುರಿಯೊಂದಿದೆ ಎಂಬುದೇ ಗೊತ್ತಿಲ್ಲ. ಬಿಳಿ ಮೈ, ಕಂದು ಅಥವಾ ಕಪ್ಪು ಮಚ್ಚೆ, ಇಳಿಬಿದ್ದ ಕಿವಿ, ಒರಟು ತುಪ್ಪಟ. ಮಂಡ್ಯದ ಬನ್ನೂರು ಕುರಿ ಮಾಂಸಕ್ಕೆ ಹೆಸರಾದದ್ದು, ತುಪ್ಪಟ ಇಲ್ಲವೆನ್ನುವಷ್ಟು ಕಡಿಮೆ. ಕರಿಕಂಬಳಿಗೆ ಬೇಕಾದ ಕಪ್ಪು ತುಪ್ಪಟ ದಖ್ಖನಿ, ಬಳ್ಳಾರಿ ತಳಿಗಳದ್ದು. ಹಾಗಾಗಿ ಒಳ್ಳೆಯ ಕರಿಕಂಬಳಿ ನಮ್ಮ ಸಂತೆಗೆ ಚಿತ್ರದುರ್ಗ, ಚಳ್ಳಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಹೆಗಲ ಮೇಲೆ ಬರಬೇಕಿತ್ತು. ಕಂಬಳಿ ಮಾರುವವನು ಹತ್ತೆಂಟು ಕಂಬಳಿ ಹೊತ್ತು ಸುಗ್ಗಿ ಮುಗಿದ ಮೇಲೆ ಬರುತ್ತಿದ್ದ. ಕಾಸು ತಕ್ಷಣ ಕೇಳುತ್ತಿರಲಿಲ್ಲ, ಮುಂದಿನ ವರ್ಷ ಬಂದಾಗ ರಾಗಿ ಕೊಟ್ಟರೂ ಆಗುತ್ತಿತ್ತು.

ವರ್ಷಕ್ಕೆ ಎರಡು ಸಲ ಕುರಿಗಳನ್ನು ಕೆರೆಯಲ್ಲಿ ಮೈತೊಳೆದು ತುಪ್ಪಟ ಕತ್ತರಿಸುತ್ತಾರೆ. ಆ ತುಪ್ಪಟವನ್ನು ಬಿಲ್ಲಿನ ನರದಿಂದ ಮೀಟಿ ಬಿಡಿಸುತ್ತಾರೆ. ನೂಲುವುದು ಹೆಂಗಸರ ಕೈ, ನೇಯುವುದು ಗಂಡಸರ ಕೈ. ಕಂಬಳಿಯ ನಿಜವಾದ ಗುಟ್ಟು ಹುಣಸೆಬೀಜದಲ್ಲಿದೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟು ಸರಿ ಸಿಗುತ್ತದೆ. ಬಯಲಿನಲ್ಲಿ ಎಳೆದು ಕಟ್ಟಿದ ಹಾಸು ನೂಲಿಗೆ ಅದನ್ನು ಕುಂಚದಿಂದ ಬಳಿದು ಒಣಗಿಸಿದರೆ, ಕೆದರಿ ನಿಂತ ಒರಟು ಕೂದಲೆಲ್ಲ ಮಲಗುತ್ತದೆ, ನೂಲು ಮಗ್ಗದ ಎಳೆತ ತಡೆಯುತ್ತದೆ. ಬಣ್ಣ ಹಾಕುವಂತಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಹೊಸ ಕಂಬಳಿ ಹಲಗೆಯಂತೆ ಸೆಡೆದುಕೊಂಡಿರುವುದು ಈ ಹುಣಸೆ ಸರಿಯಿಂದಲೇ. ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗಿಟ್ಟರೆ ಕೊಪ್ಪೆ ತಾನೇ ನಿಲ್ಲುತ್ತದೆ, ನೀರು ಬೆನ್ನ ಮೇಲಿಂದ ಜಾರುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲು ನೀರು ಹೀರಿದರೂ ಒದ್ದೆಯೆನ್ನಿಸುವುದಿಲ್ಲ ಎನ್ನುತ್ತದೆ ವಿಜ್ಞಾನ. ನಮ್ಮ ಕುರಿಯ ಕೂದಲಿನ ಒಳಗೆ ಟೊಳ್ಳು. ಅದಕ್ಕೇ ಬೆಚ್ಚಗೆ, ಅದಕ್ಕೇ ಚುಚ್ಚುತ್ತದೆ.

ಚುಚ್ಚುವ ಈ ಗುಣದಿಂದಲೇ ಮೇಲಿನವರಿಗೆ ಅಸಮಾಧಾನ. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ ಮೆರಿನೊ ಕುರಿ ತರಿಸಿ ಮೈಸೂರಿನ ತಳಿ ಸುಧಾರಿಸಲು ನೋಡಿದರು. ಸ್ವಾತಂತ್ರ್ಯ ಬಂದಮೇಲೆ ರಾಂಬುಯೆ ಎಂಬ ಇನ್ನೊಂದು ಪರದೇಶಿ ತಳಿಯ ಜತೆ ಕೂಡಿಸುವ ಪ್ರಯತ್ನ ನಡೆಯಿತು. ಕುರುಬನಿಗೆ ಬೇಕಾಗಿದ್ದದ್ದು ನುಣುಪು ಉಣ್ಣೆಯಲ್ಲ, ಬಿಸಿಲಿನಲ್ಲಿ ಹತ್ತು ಮೈಲಿ ನಡೆಯುವ ಕಾಲು. ಹಾಗೆಂದು ನಮ್ಮ ಕೈಗೆ ನಯ ಗೊತ್ತಿರಲಿಲ್ಲ ಎನ್ನಬೇಡಿ. ರೈಸ್ ಸಾಹೇಬರು ಮಾಡಿದ ಹಳೆಯ ಮೈಸೂರು ಗೆಜೆಟಿಯರಿನಲ್ಲಿ, ಚಿತ್ರದುರ್ಗ, ದಾವಣಗೆರೆ ಕಡೆ ಹಿಂದೆ ಬಿದಿರಿನ ಕೊಳವೆಯೊಳಗೆ ಸುತ್ತಿ ಇಡಬಹುದಾದಷ್ಟು ತೆಳುವಾದ ಕಂಬಳಿ ನೇಯುತ್ತಿದ್ದರೆಂಬ ಮಾತಿದೆ. ಢಾಕಾದ ಮಸ್ಲಿನ್ ಉಂಗುರದೊಳಗೆ ತೂರುತ್ತಿತ್ತೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಂಬಳಿ ಬಿದಿರಿನೊಳಗೆ ತೂರುತ್ತಿತ್ತೆಂದು ಹೇಳುವವರು ಯಾರೂ ಇಲ್ಲ.

ಉಣ್ಣೆಯೋ ಹತ್ತಿಯೋ ಎಂಬುದು ನಮ್ಮವರಿಗೆ ಬರೀ ಬಟ್ಟೆಯ ಪ್ರಶ್ನೆಯಾಗಿರಲಿಲ್ಲ. ಹಾಲುಮತದವರಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂದು ಎರಡು ಬಳಿ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ದಾರ ಉಣ್ಣೆಯದಾದರೆ ಒಂದು, ಹತ್ತಿಯದಾದರೆ ಇನ್ನೊಂದು. ಕುಲದ ಮೂಲಪುರುಷ ಉಂಡಾಡು ಪದ್ಮಣ್ಣನಿಗೆ ಇಬ್ಬರು ಹೆಂಡಿರಂತೆ, ಒಬ್ಬಳ ಮಕ್ಕಳು ಉಣ್ಣೆ ಕಟ್ಟಿದರು, ಇನ್ನೊಬ್ಬಳ ಮಕ್ಕಳು ಹತ್ತಿ ಕಟ್ಟಿದರು ಎಂದು ಕಥೆ. ಎರಡು ಬಳಿಗಳ ನಡುವೆ ಬಹುಕಾಲ ಹೆಣ್ಣು ಕೊಟ್ಟು ತರುವುದೇ ಇರಲಿಲ್ಲ. ಒಂದು ಎಳೆ ನೂಲು ಯಾವ ಪ್ರಾಣಿಯದು, ಯಾವ ಗಿಡದ್ದು ಎಂಬುದರ ಮೇಲೆ ಯಾರ ಮನೆಯ ಹುಡುಗಿ ಯಾರ ಮನೆ ಸೇರಬೇಕೆಂದು ತೀರ್ಮಾನವಾಗುವ ಇನ್ನೊಂದು ಸಮಾಜ ಪ್ರಪಂಚದಲ್ಲಿ ಇದ್ದರೆ ನನಗೆ ತಿಳಿಸಿ, ಹೋಗಿ ನೋಡಿ ಬರುತ್ತೇನೆ.

ಅಗ್ರಹಾರದ ಕಡೆ ಹೋದರೆ ಇದೇ ನೂಲಿನ ಲೆಕ್ಕ ಮಡಿಯ ರೂಪದಲ್ಲಿ ಕಾಣುತ್ತದೆ. ಹತ್ತಿ ಬಟ್ಟೆ ಒಗೆದು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಹರವಿ ಒಣಗಿಸಿದರೆ ಮಾತ್ರ ಮಡಿ; ಒಬ್ಬರು ಮುಟ್ಟಿದರೆ ಹೋಯಿತು. ರೇಷ್ಮೆಯ ಪಟ್ಟೆಗೆ, ಉಣ್ಣೆಯ ಧಾಬಳಿಗೆ ಆ ಭಯವಿಲ್ಲ. ಶಾಲೆಯಿಂದ ಬಂದ ಮಗು ಅಡುಗೆಮನೆಗೆ ಓಡುತ್ತದೆಂದರೆ ಅಜ್ಜಿ ಅದರ ಚಡ್ಡಿ ಕಳಚಿ ಒಂದು ಧಾಬಳಿ ಸುತ್ತಿಬಿಡುತ್ತಿದ್ದಳು; ಆಮೇಲೆ ಅದು ಯಾರ ಮಡಿಲಿಗೆ ಬಿದ್ದರೂ ಮೈಲಿಗೆಯಿಲ್ಲ. ನೆರಳು ಬಿದ್ದರೂ ಸ್ನಾನ ಮಾಡುತ್ತಿದ್ದ ಕಾಲದಲ್ಲಿ, ಕುರಿ ಕಾಯುವವನು ಕತ್ತರಿಸಿ, ಅವನ ಹೆಂಡತಿ ನೂತು, ಸಂತೆಯಲ್ಲಿ ಹತ್ತು ಜನ ಮುಟ್ಟಿ ನೋಡಿದ ಉಣ್ಣೆ ದೇವರಮನೆಯೊಳಕ್ಕೆ ನಡೆದುಹೋಗುತ್ತಿತ್ತು. ಶಾಸ್ತ್ರಿಗಳು ಇದಕ್ಕೆ ಬೇರೆ ಕಾರಣ ಕೊಡಬಹುದು. ನನಗನ್ನಿಸುವುದು ಇಷ್ಟೆ: ಒಗೆದರೆ ಹಾಳಾಗುವ ದುಬಾರಿ ಬಟ್ಟೆಯನ್ನು ದಿನಾ ಒಗೆಯುವುದು ತಪ್ಪಿಸಲು ಯಾವಳೋ ಜಾಣ ಮುತ್ತಜ್ಜಿ ಮಾಡಿದ ಉಪಾಯ, ಆಮೇಲೆ ಶ್ಲೋಕದ ಮಾನ್ಯತೆ ಪಡೆಯಿತು.

ಇಲ್ಲಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಹೋಗಿ ನೋಡಿ, ಲೆಕ್ಕ ಪೂರ್ತಿ ತಿರುವುಮುರುವು. ದಿಗಂಬರ ಜೈನ ಯತಿಗೆ ರೇಷ್ಮೆ ಸಲ್ಲದು, ಒಂದು ಸೀರೆಗೆ ಸಾವಿರಾರು ಗೂಡು, ಗೂಡಿಗೊಂದು ಜೀವ. ಉಣ್ಣೆ ಬೇಡ, ಕೊನೆಗೆ ಹತ್ತಿಯೂ ಬೇಡ. ಬಟ್ಟೆಯ ಚರಿತ್ರೆ ಹೇಳುವ ನನ್ನಂಥವನಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷದಿಂದ ನಿಂತಿರುವವನಷ್ಟು ತೊಂದರೆ ಕೊಡುವವರು ಇನ್ನೊಬ್ಬರಿಲ್ಲ. 57 ಅಡಿ ಎತ್ತರ. ಒಂದು ಅಂಗುಲ ಬಟ್ಟೆಯಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಅರಿಸಿನ, ಗಂಧ ಎಲ್ಲ ಎರೆಯುತ್ತೇವೆ, ಒಂದು ಶಲ್ಯ ಹೊದಿಸುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ. ವೇದಿಕೆ ಮೇಲೆ ಕಂಡವರಿಗೆಲ್ಲ ಶಾಲು ಹೊದಿಸುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ನನಗೂ ಈಗ ಒಂದು ಹೊದಿಸಿದ್ದಾರೆ, ಇದು ಪಾಲಿಯೆಸ್ಟರ್.

ರೇಷ್ಮೆಯ ಕಥೆಯನ್ನು ಬೇಗ ಮುಗಿಸುತ್ತೇನೆ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಟಿಪ್ಪು ಹುಳು ತರಿಸಿ ಸಾಕಿಸಿದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದರು, ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ಬಂದವು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ನಮ್ಮ ಗೂಡಿಗೂ ಬೆಲೆ ಬಂತು. ಮೈಸೂರು ಸಿಲ್ಕ್ ಈಗ ಮದುವೆ ಜವಳಿಯ ಮೊದಲ ಸಾಲು. ಆದರೆ ನಮ್ಮ ಅಜ್ಜಿಯರು ದಿನಾ ಉಟ್ಟದ್ದು ಅದಲ್ಲ. ದಿನಾ ಉಟ್ಟದ್ದು ಮಗ್ಗದ ಹತ್ತಿ ಸೀರೆ. ಅದು ಹರಿದರೆ ಮಗುವಿಗೆ ತೊಟ್ಟಿಲು ಬಟ್ಟೆ, ಇನ್ನೂ ಹರಿದರೆ ಕೌದಿಯ ಒಳಪದರ, ಅಲ್ಲಿಂದ ಒಲೆಯ ಮಸಿಬಟ್ಟೆ.

ಗಿರಣಿಯ ಹೊದಿಕೆ ಬಂದದ್ದು ಬೆಂಗಳೂರಿನಿಂದ. 1880ರ ದಶಕದಲ್ಲಿ ಶುರುವಾದ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್, ಅಂದರೆ ನಮ್ಮ ಜನ ಬಿನ್ನಿ ಮಿಲ್ ಎಂದದ್ದು, ಸೈನ್ಯಕ್ಕೆ ಖಾಕಿ, ಉಣ್ಣೆ ಹೊದಿಕೆ ಎಲ್ಲ ನೇಯುತ್ತಿತ್ತು. ಹಳ್ಳಿಗೆ ಬಂದ ಗಿರಣಿ ಹೊದಿಕೆಗೆ 'ರಗ್ಗು' ಎಂದು ಹೆಸರು. ಕಂಬಳಿ ಚುಚ್ಚುತ್ತದೆ, ರಗ್ಗು ಚುಚ್ಚುವುದಿಲ್ಲ. ಅಳಿಯನಿಗೆ ರಗ್ಗು, ಮಾವನಿಗೆ ಕಂಬಳಿ. ಆಮೇಲೆ ಬಂದದ್ದು ಇನ್ನೂ ವಿಚಿತ್ರ. ಯುರೋಪ್, ಅಮೆರಿಕದ ಜನ ತೊಟ್ಟು ಬಿಸಾಡಿದ ಉಣ್ಣೆಯ ಅಂಗಿಗಳು ಹಡಗಿನಲ್ಲಿ ಬಂದು ಹರಿಯಾಣದ ಪಾಣಿಪತ್ ಸೇರುತ್ತವೆ. ಅಲ್ಲಿ ಗುಂಡಿ, ಜಿಪ್ಪು ಕಿತ್ತು, ಬಣ್ಣವಾರು ಬೇರ್ಪಡಿಸಿ, ಹಲ್ಲಿನ ಯಂತ್ರದಲ್ಲಿ ಚಿಂದಿ ಮಾಡಿ ಮತ್ತೆ ನೂತು ಹೊದಿಕೆ ನೇಯುತ್ತಾರೆ. ನೆರೆ ಬಂದಾಗ ಸಂತ್ರಸ್ತರಿಗೆ ಹಂಚುತ್ತಿದ್ದ ಬೂದುಬಣ್ಣದ ಹೊದಿಕೆಗಳು ಬಹುಪಾಲು ಆ ಬಗೆಯವಾಗಿದ್ದವು. ಯಾವನೋ ಪರದೇಶದ ಗುಮಾಸ್ತನ ಹಳೆಯ ಕೋಟು ನಮ್ಮ ಹೊಳೆದಂಡೆಯ ಮುದುಕನೊಬ್ಬನನ್ನು ಬೆಚ್ಚಗೆ ಮಾಡಿದ್ದರೂ ಮಾಡಿರಬಹುದು.

ಇತ್ತ ಹಾಸನದಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ಕೂತ ಎಷ್ಟೋ ಮನೆಯ ಹೆಣ್ಣುಮಕ್ಕಳು ಬೆಳಗಿನ ಪಾಳಿಗೆ ಬಸ್ಸು ಹತ್ತುತ್ತಾರೆ. ಹಾಸನದ ಜವಳಿ ವಲಯದಲ್ಲಿ ಹಿಮತ್‌ಸಿಂಗ್ಕಾ ಕಂಪನಿಯ ಗಿರಣಿಗಳಿವೆ. ನೂಲುವ ಗಿರಣಿಯಲ್ಲೇ 2 ಲಕ್ಷಕ್ಕೂ ಹೆಚ್ಚು ಕದಿರುಗಳು. ನಮ್ಮಜ್ಜಿಯ ಕೈಯಲ್ಲಿದ್ದದ್ದು ಒಂದು ಕದಿರು, ಅದರ ತುದಿಯೂ ಮುರಿದಿತ್ತು. ಈ ಗಿರಣಿಗಳಿಂದ ಹೊರದೇಶಕ್ಕೆ ಹೋಗುವ ಹಾಸುಹೊದಿಕೆಗೆ ವ್ಯಾಪಾರದ ಭಾಷೆಯಲ್ಲಿ 'ಬೆಡ್ ಲಿನೆನ್' ಎನ್ನುತ್ತಾರೆ. ನೂಲು ಹತ್ತಿಯದು! ಲಿನೆನ್ ಎಂದರೆ ಅಗಸೆಯ ನಾರು, ಆ ದಾವ್ಚಾದ ಹೆಂಗಸರು ಕುಟ್ಟುತ್ತಿದ್ದದ್ದು. ಯುರೋಪಿನವರು ಅಗಸೆ ಬಿಟ್ಟು ಹತ್ತಿಯ ಮೇಲೆ ಮಲಗತೊಡಗಿ ಎರಡು ಶತಮಾನವಾಗುತ್ತ ಬಂತು, ಹಾಸಿಗೆಯ ಬಟ್ಟೆಗೆ ಮಾತ್ರ ಹಳೆಯ ನಾರಿನ ಹೆಸರೇ. ನನ್ನ ಅಕ್ಕನ ಮಗಳಿಗೆ ಇದನ್ನು ಹೇಳಿದೆ. ಅವಳು ತನ್ನ ಬಾಡಿಗೆ ಮನೆಯ ಹಾಸಿಗೆಯ ಚೀಟಿ ತಿರುಗಿಸಿ ನೋಡಿ, "ಮೇಡ್ ಇನ್ ಇಂಡಿಯಾ ಅಂತಿದೆ ಮಾವ, ಹಾಸನದ್ದೇ ಇರ್ಬೋದು" ಎಂದಳು. ಇರಬಹುದು, ಇಲ್ಲದಿರಬಹುದು. ಅವಳಿಗಂತೂ ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತಂತೆ.

ಕಂಬಳಿಯ ಗತಿಯೂ ಗೋಣಿಯದೇ. ಈಗ ತುಪ್ಪಟ ಮಾರಿದ ದುಡ್ಡು ಕತ್ತರಿಸುವ ಕೂಲಿಗೂ ಸಾಲದೆಂದು ಕುರಿಗಾಹಿಗಳು ಅದನ್ನು ಬೇಲಿ ಪಕ್ಕ ಬಿಟ್ಟುಹೋಗುವುದುಂಟು. ಕುರಿ ಮಾಂಸಕ್ಕೆ ಸಾಕು ಎನ್ನುವ ಕಾಲ. ಇದು ನಮ್ಮೊಬ್ಬರ ಗೋಳಲ್ಲ. ಯುರೋಪಿನ ಒಕ್ಕೂಟದ ಕಾನೂನಿನಲ್ಲಿ ತೊಳೆಯದ ಉಣ್ಣೆಯನ್ನು ಪ್ರಾಣಿಜನ್ಯ ಉಪವಸ್ತುಗಳ ಸಾಲಿಗೆ ಸೇರಿಸಿದ್ದಾರೆ, ಕಸಾಯಿಖಾನೆಯ ಉಳಿಕೆಯ ಪಕ್ಕದಲ್ಲೇ. ಸಾಗಿಸಬೇಕಾದರೂ ವಿಲೇವಾರಿ ಮಾಡಬೇಕಾದರೂ ನೂರೆಂಟು ನಿಯಮ. ಸ್ಲೊವೇನಿಯಾದ ಸೊಲ್ಚಾವಾ ಕಣಿವೆಯಲ್ಲಿ ಕೆಲವು ಹೆಂಗಸರು ತಮ್ಮ ಬೆಟ್ಟದ ಕುರಿಯ ಉಣ್ಣೆಯನ್ನು ಬಿಸಿನೀರು ಸೋಪಿನಲ್ಲಿ ತಿಕ್ಕಿ ತಿಕ್ಕಿ ಚಪ್ಪಲಿ, ಟೋಪಿ ಮಾಡಿ ಪ್ರವಾಸಿಗಳಿಗೆ ಮಾರುತ್ತಾರೆ. ನಮ್ಮಲ್ಲಿ ಮೈಲಾರನ ಗೊರವರ ಹೆಗಲ ಮೇಲೆ, ಪಂಚಾಯ್ತಿಯ ಕಂಬಳಿ ಗದ್ದಿಗೆಯಲ್ಲಿ, ಮದುವೆಯ ಹಸೆಯಲ್ಲಿ ಕಂಬಳಿ ಉಳಿದಿದೆ. ಮೈಮೇಲಿಂದ ಇಳಿದು ಶಾಸ್ತ್ರಕ್ಕೆ ಹೋಗಿದೆ.

ಶಾಸ್ತ್ರದ ಕಂಬಳಿ ಎಂದಾಗ ಒಂದು ಮದುವೆಯ ನೆನಪು ಹೇಳಿ ಇಳಿಯುತ್ತೇನೆ. ನಮ್ಮ ನೆಂಟರ ಮನೆ, ಹೊಳೆನರಸೀಪುರದ ಕಡೆಯ ಹಳ್ಳಿ. ಗಂಡು ಹೆಣ್ಣು ಕೂರಲು ಕರಿಕಂಬಳಿ ಹಾಸಿದ್ದರು. ಹೊಸದು, ಪೇಟೆಯಿಂದ ತಂದದ್ದು, ಬೆಕ್ಕಿನ ಮೈಯಂತೆ ನುಣುಪು. ಮನೆಯ ಅಜ್ಜಿ, ಎಂಬತ್ತು ದಾಟಿದವರು, ಬಗ್ಗಿ ಅದರ ಮೇಲೆ ಕೈಯಾಡಿಸಿದರು. ಏನೋ ಸಂದೇಹ. ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ಉಣ್ಣೆಯಾದರೆ ಚರಚರ ಎಂದು ಉರಿದು ಆರಿಹೋಗಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರಬೇಕು. ಇದು ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಕರಿ ಮಣಿಯಾಗಿ ಕೂತಿತು. ಅಕ್ರಿಲಿಕ್.

"ಕೂದ್ಲು ಸುಟ್ಟ ವಾಸ್ನೆನೇ ಬರ್ಲಿಲ್ವಲ್ಲೋ ಮಗ," ಎಂದರು ಅಜ್ಜಿ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. ಅಜ್ಜಿ ಕೇಳಲಿಲ್ಲ. ಒಬ್ಬ ಹುಡುಗನನ್ನು ಮನೆಗೆ ಓಡಿಸಿದರು: "ಅಟ್ಟದ ಮೇಲೆ ರಾಗಿ ಹಗೇವಿನ ಚೀಟಿ ಇಟ್ಟಿರೋ ಡಬ್ಬ ಐತೆ, ಅದರ ಕೆಳಗೆ ನಿಮ್ಮ ತಾತಂದು ಐತೆ ನೋಡು, ತಕ್ಕಂಬಾ."

ತಾತನ ಕಂಬಳಿ ಬಂತು. ಇಲಿ ಎರಡು ಕಡೆ ಕಡಿದಿತ್ತು. ತೂತು ಕಾಣದ ಹಾಗೆ ಅಜ್ಜಿಯೇ ಮಡಿಸಿ, ಕೊಡವಿ, ಹೊಸ ಕಂಬಳಿಯ ಮೇಲೆ ಹಾಸಿದರು. ಮದುಮಗಳು ಕೂತ ಸ್ವಲ್ಪ ಹೊತ್ತಿಗೇ ರೇಷ್ಮೆ ಸೀರೆಯ ಮೇಲಿನಿಂದ ಕಾಲು ಕೆರೆದುಕೊಳ್ಳತೊಡಗಿದಳು. ಫೋಟೊದವನು ಹಾಗೆ ಮಾಡಬೇಡಿ ಮೇಡಂ ಎಂದು ಎರಡು ಸಲ ಹೇಳಿದ.

ಧಾರೆಯಾಯಿತು. ನಿಮ್ಮ ಊರಿನ ಹೆಸರಿನಲ್ಲಿರುವ 'ಬೂವ' ಯಾವುದೋ ನಾನರಿಯೆ, ಮದುವೆಯ ಬೂವ ಮಾತ್ರ ನಾವೆಲ್ಲ ಉಂಡದ್ದೇ. ಗಂಡು ಹೆಣ್ಣನ್ನು ಅದೇ ಕಂಬಳಿಯ ಮೇಲೆ ಕೂರಿಸಿ ಬೂವ ಬಡಿಸಿದರು. ಎರಡನೆಯ ತುತ್ತಿಗೆ ಮದುಮಗನ ಬೆರಳಿಗೆ ಏನೋ ಸಿಕ್ಕಿತು. ಎತ್ತಿ ನೋಡಿದ. ಒಂದು ಉದ್ದನೆಯ ಕರಿಯ ಕೂದಲು. ಅಜ್ಜಿಯ ಕಡೆ ನೋಡಿದ. ಅಜ್ಜಿ ಅವನ ಕಡೆಯೇ ನೋಡುತ್ತಿದ್ದರು.

ಅದನ್ನು ಎಲೆಯ ಅಂಚಿಗಿಟ್ಟು ಉಂಡ.